ಒಂಬತ್ತು ಅಂದರೆ ಪಾಸು!



ಅಮೆರಿಕಾಕ್ಕೆ ಹೋಗಿ ನೆಲೆಸಿದವರು ಅಲ್ಲಿನ ಪೌರರಾಗಬೇಕಾದರೆ ಒಂದು ಬಾಯಿಪರೀಕ್ಷೆ ಇದೆ. 2025ರಲ್ಲಿ ಬಂದ ಹೊಸ ಕ್ರಮದಲ್ಲಿ 128 ಪ್ರಶ್ನೆ ಓದಿಕೊಂಡು ಹೋಗಬೇಕು. ಅದರಲ್ಲಿ 20 ಕೇಳ್ತಾರೆ, 12 ಸರಿಯಾದರೆ ಪಾಸು. ದೇಶದ ಅತಿ ದೊಡ್ಡ ನ್ಯಾಯಾಲಯ ಯಾವುದು? ಸುಪ್ರೀಂ ಕೋರ್ಟು. ನ್ಯಾಯಾಧೀಶರು ಎಷ್ಟು? ಒಂಬತ್ತು. ಎಷ್ಟು ಕಾಲ ಇರ್ತಾರೆ? ಬದುಕಿರೋವರೆಗೆ. ನಮ್ಮ ಗೈಡು ಪುಸ್ತಕದ ಹಾಗೇ, ಉರು ಹೊಡೆದರೆ ಆಯ್ತು.

ನಿಮ್ಮಲ್ಲೂ ಕೆಲವರು ನಾಳೆ ಆ ದೇಶಕ್ಕೆ ಹೋಗ್ತೀರಿ. ಹೋಗಬೇಕು ಕೂಡ. ಬಾಬಾಸಾಹೇಬರು 1913ರಲ್ಲೇ ಕೊಲಂಬಿಯಾಕ್ಕೆ ಓದಲು ಹೋದವರು. ಆದರೆ ಒಂಬತ್ತು ಅನ್ನೋ ಉತ್ತರದ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡು ಓದಿ: ಆ ಒಂಬತ್ತು ಜನ ಯಾರನ್ನು ಪೌರ ಅಂದರು, ಯಾರನ್ನು ಅಲ್ಲ ಅಂದರು?

ಡ್ರೆಡ್ ಸ್ಕಾಟ್ ಒಬ್ಬ ಗುಲಾಮ. ಗುಲಾಮಗಿರಿ ಇಲ್ಲದ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದೆ, ಹಾಗಾಗಿ ನಾನು ಸ್ವತಂತ್ರ ಎಂದು ದಾವಾ ಹಾಕಿದ. 1857ರಲ್ಲಿ ಒಂಬತ್ತರಲ್ಲಿ ಏಳು ಮಂದಿ ಅವನ ವಿರುದ್ಧ ನಿಂತರು. ಗುಲಾಮರಾಗಿ ತಂದ ಕಪ್ಪು ಜನರ ಸಂತತಿ, ಬಿಡುಗಡೆ ಹೊಂದಿದ್ದರೂ ಸರಿಯೇ, ಈ ದೇಶದ ಪೌರರಲ್ಲ ಅಂತ ತೀರ್ಪು. ಪೌರನೇ ಅಲ್ಲದ ಮೇಲೆ ಆ ಕೋರ್ಟಿನ ಮೆಟ್ಟಿಲು ಹತ್ತೋ ಹಕ್ಕೂ ಇಲ್ಲ! ಕೇರಿಯವರಿಗೆ ಈ ನ್ಯಾಯ ಹೊಸದೇನಲ್ಲ. ಈ ತೀರ್ಪನ್ನು ಅಳಿಸಿದ್ದು ಕೋರ್ಟಲ್ಲ. ಒಂದು ಅಂತರ್ಯುದ್ಧ ನಡೆದು, 1868ರಲ್ಲಿ ಸಂವಿಧಾನಕ್ಕೆ 14ನೇ ತಿದ್ದುಪಡಿ ಬರಬೇಕಾಯಿತು.

ಇನ್ನೊಂದು ಕೇಸು ನಮ್ಮ ಮನೆಬಾಗಿಲಿನದು. ಭಗತ್ ಸಿಂಗ್ ಥಿಂಡ್ (ನೇಣಿಗೇರಿದ ಭಗತ್ ಸಿಂಗ್ ಅಲ್ಲ, ಇವರು ಬೇರೆ) ಪಂಜಾಬಿನ ಸಿಖ್ಖರು. ಮೊದಲ ಮಹಾಯುದ್ಧದಲ್ಲಿ ಅಮೆರಿಕಾದ ಸೈನ್ಯದಲ್ಲಿದ್ದವರು. ಆಗ ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು, 1870ರಿಂದ, ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಥಿಂಡ್ ಪರ ಏನು ವಾದ ಹೂಡಿದರು ಗೊತ್ತಾ? ನಾನು ಮೇಲ್ಜಾತಿ, ಆರ್ಯರ ರಕ್ತ, ಆದ್ದರಿಂದ ನಾನೂ ಬಿಳಿಯ! ಮದುವೆ ಸಂಬಂಧದ ವಿಷಯದಲ್ಲಿ ಅಮೆರಿಕಾದವನು ನೀಗ್ರೋನನ್ನು ಹೇಗೆ ನೋಡ್ತಾನೋ, ಮೇಲ್ಜಾತಿಯವನು ಭಾರತದ ಮೂಲನಿವಾಸಿಯನ್ನು ಹಾಗೇ ನೋಡ್ತಾನೆ ಅಂತಲೂ ಬರೆದುಕೊಟ್ಟರು. ಜಾತಿಯನ್ನೇ ಸರ್ಟಿಫಿಕೇಟು ಮಾಡಿ ಕೋರ್ಟಿನ ಮುಂದೆ ಇಟ್ಟರು.

1923ರಲ್ಲಿ ಕೋರ್ಟು ಒಮ್ಮತದಿಂದ ತಳ್ಳಿಹಾಕಿತು. ಜನಸಾಮಾನ್ಯರ ಕಣ್ಣಿಗೆ ನೀನು ಬಿಳಿಯನಲ್ಲ, ಹೋಗು ಅಂತ. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರದ್ದನ್ನೂ ಸರ್ಕಾರ ಕಿತ್ತುಕೊಂಡಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಕಾನೂನು.

ಸೈನಿಕನೊಬ್ಬನಿಗೆ ಆದ ಅನ್ಯಾಯ ಅನ್ಯಾಯವೇ, ಇಲ್ಲ ಅನ್ನೋಲ್ಲ. ಕಾನೂನೇ ಹಾಗಿತ್ತು, ಪಾಪ, ಬೇರೇನು ವಾದ ಮಾಡ್ಬೇಕಿತ್ತು ಅಂತಲೂ ಕೇಳಬಹುದು. ಆದರೂ ಬಾಗಿಲು ಎಲ್ಲರಿಗೂ ತೆಗೀರಿ ಅನ್ನಲಿಲ್ಲವಲ್ಲ. ನನ್ನನ್ನು ಒಳಗೆ ಬಿಡಿ, ನನ್ನ ಕೆಳಗಿನವರು ಬೇರೆ ಅಂದದ್ದು. ಕಡಲು ದಾಟಿದರೂ ಜಾತಿ ಗಂಟು ಬಿಚ್ಚಿರಲಿಲ್ಲ.

ಇದೇ ಕೋರ್ಟು 1954ರಲ್ಲಿ, ಒಂಬತ್ತೂ ಜನ ಒಟ್ಟಾಗಿ, ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಆ ಮಕ್ಕಳ ಪರ ವಾದಿಸಿದವರಲ್ಲಿ ಮುಂದಾಳು ಥರ್ಗುಡ್ ಮಾರ್ಷಲ್. 1967ರಲ್ಲಿ ಅವರೇ ಆ ಒಂಬತ್ತು ಕುರ್ಚಿಗಳಲ್ಲಿ ಒಂದರಲ್ಲಿ ಕೂತರು. ಕೋರ್ಟು ಹುಟ್ಟಿದ್ದು 1789ರಲ್ಲಿ. ಗುಲಾಮನ ಮರಿಮೊಮ್ಮಗನೊಬ್ಬ ಅಲ್ಲಿ ಕೂರೋಕೆ 178 ವರ್ಷ ಹಿಡಿಯಿತು.