ಪೊಟ್ಟಣದ ಮೇಲಿನ ಅಕ್ಷರ

ನಮ್ಮ ಅತ್ತೆಯವರಿಗೆ ಎಂಬತ್ತೊಂದು ವರ್ಷ. ಬೆಳಿಗ್ಗೆ ಪೇಪರು ಬಂದರೆ ಮೊದಲ ಪುಟದ ತಾರೀಖಿನಿಂದ ಹಿಡಿದು ಕೊನೆಯ ಪುಟದ ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ಮಾತ್ರೆ, ಪಥ್ಯ ಎರಡರಲ್ಲೂ ಕಟ್ಟುನಿಟ್ಟು. ಅಂಥವರ ರಕ್ತದ ಸಕ್ಕರೆ ಈಚೆಗೆ ಒಮ್ಮೆಲೇ ಏರಿತು. "ಮನೆಯಲ್ಲಿ ಏನು ಬದಲಾಗಿದೆ ನೋಡಿ" ಎಂದರು ಡಾಕ್ಟರು. ಅನ್ನ ನೋಡಿದೆವು, ಹಣ್ಣು ನೋಡಿದೆವು. ಕೊನೆಗೆ ಸಿಕ್ಕಿದ್ದು ಕಾಫಿ!

ನನ್ನ ತಂಗಿಯ ಮಗಳು ಬಂದಿದ್ದಾಗ, "ದೊಡ್ಡಮ್ಮ, ಫಾರಿನ್ ಕಾಫಿ. ಹಾಲೂ ಬೇಡ, ಡಿಕಾಕ್ಷನ್ನೂ ಬೇಡ. ಬಿಸಿನೀರು ಹಾಕಿ ಕಲಕಿದರೆ ಆಯ್ತು" ಎಂದು ದೊಡ್ಡ ಪೊಟ್ಟಣವೊಂದನ್ನು ಕೊಟ್ಟು ಹೋಗಿದ್ದಳು. ಅದರೊಳಗೆ ಬೆರಳುದ್ದದ ಸಣ್ಣ ಪೊಟ್ಟಣಗಳು. ನಾನು ಕೆಲಸಕ್ಕೆ ಹೋದ ಮೇಲೆ ಅತ್ತೆಗೆ ಅದೇ ಅನುಕೂಲವಾಯಿತು. ದಿನಕ್ಕೆ ಮೂರು ಲೋಟ. "ನಾನು ಒಂದು ಚಮಚ ಸಕ್ಕರೇನೂ ಹಾಕ್ಕೊಂಡಿಲ್ಲ ಕಣಮ್ಮ. ಸಿಹಿ ಇತ್ತು ನಿಜ, ಹಾಲಿನ ಪುಡೀದು ಅಂದ್ಕೊಂಡೆ" ಎಂದರು, ಕದ್ದು ಸಿಕ್ಕಿಬಿದ್ದ ಮಗುವಿನಂತೆ. ನನಗೆ ಅವರ ಮುಖ ನೋಡಲಾಗಲಿಲ್ಲ.

ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯದು ಸಕ್ಕರೆ. ಎರಡನೆಯದು ಕ್ರೀಮರ್. ಅಂದರೆ ಹಾಲಲ್ಲ, ಗ್ಲೂಕೋಸ್ ಪಾಕ ಮತ್ತು ತಾಳೆ ಎಣ್ಣೆಯಿಂದ ಮಾಡಿದ ಬಿಳಿಪುಡಿ. ಕಾಫಿಗೆ ಸಿಕ್ಕಿದ್ದು ಮೂರನೆಯ ಸ್ಥಾನ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಮ್ಮ ಕಾನೂನು. ಹಾಗಾದರೆ ನಾವು ಕಾಫಿಯ ಹೆಸರಿನಲ್ಲಿ ದುಡ್ಡು ಕೊಟ್ಟದ್ದು ಯಾವುದಕ್ಕೆ?

ಸಕಲೇಶಪುರದ ಕಡೆ ಸ್ವಲ್ಪ ತೋಟವಿಟ್ಟುಕೊಂಡಿರುವ ನನ್ನ ಅಣ್ಣನಿಗೆ ಫೋನು ಮಾಡಿದೆ. "ಅದಕ್ಕೇ ಹೇಳೋದು, ಹೊರಗಿನ ಸರಕನ್ನ ಒಳಗೆ ಬಿಡಲೇಬಾರದು" ಎಂದು ಅವನು ಶುರುಮಾಡಿದ. ಅವನ ಸಂಕಟ ನನಗೆ ಗೊತ್ತು. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಆದರೆ ಸರ್ಕಾರ ಬೆಳೆಗಾರನ ವಿಷಯವನ್ನಾದರೂ ಯೋಚಿಸಿದೆ. 1942ರ ಕಾಫಿ ಕಾಯ್ದೆಯಿಂದ ಕಾಫಿ ಬೋರ್ಡು ಬಂತು. ಬೆಳೆದದ್ದನ್ನು ಬೋರ್ಡಿನ ಪೂಲಿಗೇ ಹಾಕಬೇಕಿತ್ತು. ತನ್ನ ಬೆಳೆಯನ್ನು ತಾನೇ ಪೂರ್ತಿ ಮಾರಿಕೊಳ್ಳುವ ಸ್ವಾತಂತ್ರ್ಯ ಬೆಳೆಗಾರನಿಗೆ ಸಿಕ್ಕಿದ್ದು 1996ರಲ್ಲಿ. ಹೊರಗಿನ ಕಾಫಿ ಬೀಜದ ಮೇಲೆ ಸಾಮಾನ್ಯ ಆಮದು ಸುಂಕ ನೂರಕ್ಕೆ ನೂರು. ಬೋರ್ಡು, ಸುಂಕ, ಕಾಯ್ದೆ, ಎಲ್ಲ ಬೆಳೆಯುವವನ ಸುತ್ತ. ಒಲೆಯ ಮುಂದೆ ನಿಂತು ಲೋಟಕ್ಕೆ ಸುರಿಯುವವಳ ಕಡೆ ನೋಡಿದವರು ಯಾರು?

ಹಾಗಂತ ಕಾನೂನೇ ಇಲ್ಲವೆಂದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಿದೆ. ಹೊರದೇಶದ ಇನ್‌ಸ್ಟಂಟ್ ಕಾಫಿ ತರಿಸುವವನು ಲೈಸೆನ್ಸ್ ಪಡೆಯಬೇಕು. ಬಾಳಿಕೆಯ ಅವಧಿ ಇನ್ನೇನು ಮುಗಿಯುತ್ತಿರುವ ಸರಕನ್ನು ಬಂದರಿನಿಂದ ಆಚೆ ಬಿಡುವುದಿಲ್ಲ. ತರಿಸಿದವನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ಎಲ್ಲ ಪೊಟ್ಟಣದ ಮೇಲಿರಬೇಕು. ಇಷ್ಟೆಲ್ಲ ಬರೆಸಿದ ಕಾನೂನು ಭಾಷೆಯ ಮಾತು ಬಂದಾಗ ಏನು ಹೇಳುತ್ತದೆ ಗೊತ್ತೇ? ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ. ಬೇರೆ ಭಾಷೆಯನ್ನು ಬೇಕಿದ್ದರೆ ಜೊತೆಗೆ ಸೇರಿಸಬಹುದು, ಬೇಡವೆನ್ನುವವರಿಲ್ಲ. ಸೇರಿಸಲೇಬೇಕೆನ್ನುವವರೂ ಇಲ್ಲ!

ನಮ್ಮ ಅತ್ತೆ ಓದು ಬರದವರಲ್ಲ. ಓದುವ ಭಾಷೆಯಲ್ಲಿ ಯಾರೂ ಅವರಿಗೆ ಬರೆದಿಲ್ಲ, ಅಷ್ಟೆ.

"ಇಷ್ಟೊಂದು ಭಾಷೆಗಳಲ್ಲಿ ಅಚ್ಚು ಹಾಕಿಸಲು ಆಗುತ್ತದೆಯೇ?" ಎನ್ನುತ್ತಾರೆ ವ್ಯಾಪಾರಸ್ಥರು. ಆಗುತ್ತದೆ ಸ್ವಾಮಿ. ಟೀವಿಯಲ್ಲಿ ಕಾಫಿಯ ಜಾಹೀರಾತು ಬರುವಾಗ ಸೊಸೆ ಅತ್ತೆಯೊಡನೆ ಚೊಕ್ಕ ಕನ್ನಡದಲ್ಲೇ ಮಾತಾಡುತ್ತಾಳಲ್ಲ! ಮಾರುವಾಗ ಬರುವ ಕನ್ನಡ, ಒಳಗೇನಿದೆ ಎಂದು ಹೇಳುವಾಗ ಏಕೆ ಬರುವುದಿಲ್ಲ? ಆಮದಾದ ಪೊಟ್ಟಣಗಳಿಗೆ ತರಿಸಿದವನ ಹೆಸರು, ಲೈಸೆನ್ಸ್ ನಂಬರಿನ ಚೀಟಿಯನ್ನು ಇಲ್ಲಿಗೆ ಬಂದ ಮೇಲೆ ಅಂಟಿಸಲು ಅವಕಾಶವಿದೆ. ಆ ಚೀಟಿಯಲ್ಲಿ ಇನ್ನೂ ಮೂರು ಸಾಲಿಗೆ ಜಾಗವಿಲ್ಲವೇ? "ಇದರಲ್ಲಿ ಸಕ್ಕರೆ ಇದೆ" ಎಂಬುದು ಮೂರೇ ಪದ.

ನಮ್ಮ ರಾಜ್ಯದಲ್ಲಿ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಿದೆ. ಇಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಸಂತೋಷವೇ. ಆದರೆ ಹೊರಗೆ ತಯಾರಾಗಿ ಇಲ್ಲಿಗೆ ಬರುವ ಪೊಟ್ಟಣ ಆ ಲೆಕ್ಕಕ್ಕೆ ಬರುವುದಿಲ್ಲ. ಅದೂ ಅಲ್ಲದೆ, ಹೆಸರು ಕನ್ನಡದಲ್ಲಿದ್ದ ಮಾತ್ರಕ್ಕೆ ಒಳಗಿರುವುದು ತಿಳಿದೀತೇ?

ಫಾರಿನ್ ಸರಕನ್ನು ಮಾತ್ರ ಬೈದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ನಮ್ಮ ದೇಶದ್ದೇ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪಾಲಿದ್ದರೆ ಸಾಕು, ಉಳಿದದ್ದು ಚಿಕೋರಿಯಾದರೂ ಕಾನೂನು ಒಪ್ಪುತ್ತದೆ. ಯಾವುದು ಎಷ್ಟು ಪಾಲೆಂದು ಪೊಟ್ಟಣದ ಮೇಲೆ ಬರೆದಿರಲೇಬೇಕು, ಬರೆದೂ ಇರುತ್ತಾರೆ. ಅದೂ ಅದೇ ಇಂಗ್ಲಿಷಿನಲ್ಲಿ. ಅರ್ಧದಷ್ಟು ಬೇರು ಹುರಿದ ಪುಡಿಯನ್ನು ಕಾಫಿಯೆಂದೇ ನಂಬಿ ನಾವು ನೆಂಟರಿಗೆ ಕೊಡುತ್ತೇವೆ. ಚಿಕೋರಿ ವಿಷವೇನಲ್ಲ, ಅದರ ರುಚಿ ಬೇಕೆನ್ನುವವರೂ ಇದ್ದಾರೆ. ಬೇಕೋ ಬೇಡವೋ ಎಂದು ತಿಳಿದು ಆರಿಸುವ ಹಕ್ಕು ನಮ್ಮದಲ್ಲವೇ, ನನ್ನ ತಕರಾರು ಇಷ್ಟೆ.

ಆ ಅಂಗಡಿಗೆ ಹೋಗಿ ಕೇಳಿದೆ. "ಎಲ್ಲ ಬರೆದಿದೆಯಲ್ಲ ಮೇಡಂ, ನೋಡಿ ತಗೋಬೇಕು" ಎಂದ ಹುಡುಗ. "ನೀನೇ ಓದಪ್ಪ" ಎಂದೆ. ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕು ಕೆಳಗಿಟ್ಟ. ಮಾರುವವನಿಗೂ ಓದಲಾಗದ್ದನ್ನು ಕೊಳ್ಳುವವರು ಓದಿಕೊಳ್ಳಬೇಕಂತೆ!

ದಿನಸಿ ತರುವವರು, ಡಬ್ಬಕ್ಕೆ ತುಂಬುವವರು, ಲೋಟ ಹಿಡಿದು ಬಡಿಸುವವರು ನಾವು. ಪೊಟ್ಟಣದ ಮೇಲೆ ಗ್ರಾಹಕರ ದೂರಿಗೆಂದು ಫೋನ್ ನಂಬರ್ ಇರುತ್ತದೆ. ನಾನು ಆ ನಂಬರಿಗೆ ಫೋನು ಮಾಡಿ ಕನ್ನಡದಲ್ಲೇ ಕೇಳಿದ್ದೇನೆ. ಕಾಗದವನ್ನೂ ಬರೆದಿದ್ದೇನೆ. ಒಬ್ಬಳು ಕೇಳಿದರೆ ಹುಚ್ಚಿ ಎಂದಾರು, ಊರಿಗೆ ನೂರು ಜನ ಕೇಳಿದರೆ ಚೀಟಿ ಅಚ್ಚಾಗುತ್ತದೆ. ನೀವೂ ಕೇಳಿ.

ಅಲ್ಲಿಯವರೆಗೆ ನಮ್ಮ ಅಡುಗೆಮನೆಯ ಡಬ್ಬಗಳಿಗೆಲ್ಲ ನಾನೇ ದಪ್ಪಕ್ಷರದಲ್ಲಿ ಬರೆದು ಚೀಟಿ ಅಂಟಿಸಿದ್ದೇನೆ. ಅತ್ತೆ ಪೇಪರು ಮುಗಿಸಿ ಅದನ್ನೂ ಓದುತ್ತಾರೆ. ಮೊನ್ನೆ ಒಂದು ಕಾಗುಣಿತದ ತಪ್ಪನ್ನೂ ತೋರಿಸಿಕೊಟ್ಟರು.