ಚಿಂಚೋಳಿ ಗುಡ್ಡದ ಹಾದಿ: ಕಾರಿಗೆ ಮುಕ್ತ, ಕಾಲ್ನಡಿಗೆಗೆ ಪರವಾನಗಿ

ಸೇಡಂ: ಕಲಬುರಗಿ ಜಿಲ್ಲೆಯೆಂದರೆ ತೊಗರಿ ಹೊಲ, ಕಪ್ಪು ಮಣ್ಣು, ಸುಣ್ಣದ ಕಲ್ಲಿನ ಗಣಿ ಮತ್ತು ಉರಿಬಿಸಿಲು ಎಂಬುದು ರಾಜ್ಯದ ಉಳಿದ ಭಾಗದವರ ಕಲ್ಪನೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ಮಟ್ಟಿಗೆ ಇದು ಬಹುತೇಕ ಸರಿಯೂ ಹೌದು. ಆದರೆ ಸೇಡಂನಿಂದ ಉತ್ತರಕ್ಕೆ ಸಾಗಿ, ಚಿಂಚೋಳಿ ದಾಟಿ ಕುಂಚಾವರಂ ಕಡೆಗೆ ಹೊರಟವರಿಗೆ ಈ ಕಲ್ಪನೆ ಕಳಚಿಬೀಳುತ್ತದೆ. ಬಯಲು ಮುಗಿದು ಏರು ಆರಂಭವಾಗುತ್ತದೆ. ಕಪ್ಪು ಮಣ್ಣಿನ ಜಾಗದಲ್ಲಿ ಕೆಂಪು ಜಂಬಿಟ್ಟಿಗೆ ಕಾಣಿಸಿಕೊಳ್ಳುತ್ತದೆ. ರಸ್ತೆಯ ಇಕ್ಕೆಲಗಳಲ್ಲೂ ಕಾಡು.

ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಬಯಲಿನಿಂದ 600 ಮೀಟರ್ ಆಸುಪಾಸಿಗೆ ಏರುವ ಈ ಹಾದಿಯನ್ನು ಪಶ್ಚಿಮ ಘಟ್ಟದವರು ಘಟ್ಟವೆಂದು ಒಪ್ಪಲಿಕ್ಕಿಲ್ಲ. ಆದರೂ ಸಿಮೆಂಟ್ ಸೀಮೆಯ ಜನರಿಗೆ ಅರ್ಧ ದಿನದಲ್ಲಿ ತಲುಪಬಹುದಾದ ಗುಡ್ಡಗಾಡು ಇದೊಂದೇ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟದ ಕಾಡು, ಮಳೆಗಾಲದಲ್ಲಿ ಧುಮ್ಮಿಕ್ಕುವ ಎತ್ತಿಪೋತೆ ಜಲಪಾತ ಇಲ್ಲಿನ ಆಕರ್ಷಣೆಗಳು. 2011ರಲ್ಲಿ ಈ ಕಾಡಿನ 134.88 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ನೆಲೆಯಾದ ಈ ಒಣ ಕಾಡಿನಲ್ಲಿ ರಕ್ತಚಂದನವೂ ಬೆಳೆಯುತ್ತದೆ.

ಈ ಹಾದಿಯನ್ನು ಯಾರು, ಹೇಗೆ ಏರಬೇಕು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದ ಕಾಲ ಈಗ ಬಂದಿದೆ.

ಘಟ್ಟಗಳು ಕಲಿಸಿದ ಪಾಠ

ಎತ್ತರದ ಹಾದಿಗಳ ಮೋಹ ಕಳೆದ ಎರಡು ದಶಕಗಳಲ್ಲಿ ರಾಜ್ಯದ ನಗರಗಳನ್ನು ವ್ಯಾಪಕವಾಗಿ ಆವರಿಸಿದೆ. ಲಡಾಖ್‌ನ ಉಮ್ಲಿಂಗ್ ಲಾದಲ್ಲಿ 19,024 ಅಡಿ ಎತ್ತರಕ್ಕೆ ರಸ್ತೆ ಒಯ್ದಿದ್ದ ಗಡಿ ರಸ್ತೆಗಳ ಸಂಸ್ಥೆ, 2025ರ ಅಕ್ಟೋಬರ್‌ನಲ್ಲಿ ಮಿಗ್ ಲಾದಲ್ಲಿ 19,400 ಅಡಿ ತಲುಪಿತು. ಅಲ್ಲಿಗೆ ಹೋಗಲಾಗದವರಿಗೆ ಮುಳ್ಳಯ್ಯನಗಿರಿ, ಕುಮಾರ ಪರ್ವತಗಳಿವೆ. ಅವುಗಳ ಗತಿ ಏನಾಯಿತು ಎಂಬುದೂ ನಮ್ಮ ಕಣ್ಣೆದುರಿಗಿದೆ.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ಮುಗಿಬಿದ್ದರು. ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಜಾಲತಾಣ ಆರಂಭಿಸಿ, ಒಂದು ಹಾದಿಗೆ ದಿನಕ್ಕೆ 300 ಚಾರಣಿಗರ ಮಿತಿ ಹಾಕಿತು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳಿಗೂ ಮುಂಗಡ ನೋಂದಣಿ ಕಡ್ಡಾಯವಾಯಿತು. ಎರಡೂ ಕಡೆ ನಿಯಮ ಬಂದದ್ದು ಜನಸಂದಣಿ ಕೈಮೀರಿದ ನಂತರ. ಚಿಂಚೋಳಿಗೆ ಆ ಪ್ರಮಾಣದ ಜನಸಂದಣಿ ಇನ್ನೂ ಬಂದಿಲ್ಲ. ಆದ್ದರಿಂದಲೇ ಇಲ್ಲಿ ನಿಯಮ ಮೊದಲು ಬರುವುದು ಸಾಧ್ಯ.

ಕಾನೂನಿನ ವಿಪರ್ಯಾಸ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ವನ್ಯಜೀವಿಧಾಮ ಪ್ರವೇಶವನ್ನು ನಿರ್ಬಂಧಿಸುತ್ತದೆ. ಆದರೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅದೇ ಕಲಂ ವಿನಾಯಿತಿ ನೀಡಿದೆ. ಪ್ರವಾಸಕ್ಕಾಗಿ ಒಳಹೋಗಬೇಕಾದವರು 28ನೇ ಕಲಂ ಪ್ರಕಾರ ಅನುಮತಿ ಪಡೆಯಬೇಕು.

ಇದರ ಪರಿಣಾಮ ವಿಚಿತ್ರವಾಗಿದೆ. ಹೊಗೆಯುಗುಳುತ್ತ, ಹಾರನ್ ಬಾರಿಸುತ್ತ ಹೆದ್ದಾರಿಯಲ್ಲಿ ಕಾಡು ದಾಟುವ ಕಾರನ್ನು ಯಾರೂ ಪ್ರಶ್ನಿಸುವಂತಿಲ್ಲ. ರಸ್ತೆ ಬಿಟ್ಟು ಕಾಲುದಾರಿ ಹಿಡಿದು, ಸದ್ದಿಲ್ಲದೆ ಹಕ್ಕಿ ನೋಡಲು ಹೊರಟವನು ಮಾತ್ರ ಪರವಾನಗಿ ತೋರಿಸಬೇಕು. ಕಾಡಿಗೆ ಹೆಚ್ಚು ಹಾನಿ ಮಾಡುವ ಪ್ರಯಾಣ ಸುಲಭ, ಕಡಿಮೆ ಹಾನಿ ಮಾಡುವ ಪ್ರಯಾಣ ಕಷ್ಟ. ಕಾಡಿನೊಳಗೆ ಅನಿಯಂತ್ರಿತ ಓಡಾಟ ಬೇಡವೆಂಬ ಕಾಯ್ದೆಯ ಆಶಯ ಸರಿಯಾದುದೇ. ಆದರೆ ನಡೆಯುವವರಿಗೆ ಗುರುತಿಸಿದ ಹಾದಿ, ಸರಳ ಅನುಮತಿ ಮತ್ತು ಮಾರ್ಗದರ್ಶಕರ ವ್ಯವಸ್ಥೆ ಇಲ್ಲದೆ ಹೋದರೆ ಉಳಿಯುವುದು ವಾಹನ ಪ್ರವಾಸವೊಂದೇ.

ಮೂರು ಬಗೆಯ ಪ್ರಯಾಣ, ಮೂರು ಬಗೆಯ ಲೆಕ್ಕ

ಕಾರಿನಲ್ಲಿ ಬರುವವರು ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುತ್ತಾರೆ. ಊಟ, ನೀರು ಡಿಕ್ಕಿಯಲ್ಲೇ ಇರುತ್ತದೆ. ಗುಡ್ಡದಲ್ಲಿ ಉಳಿಯುವುದು ಪ್ಲಾಸ್ಟಿಕ್ ಬಾಟಲಿ. ಫೆಬ್ರುವರಿಯಿಂದ ಮೇ ತನಕ ಎಲೆಯುದುರಿಸಿ ನಿಲ್ಲುವ ಈ ಕಾಡಿಗೆ ಒಂದು ಬೀಡಿ ತುಂಡು ಸಾಕು ಬೆಂಕಿ ಹತ್ತಿಕೊಳ್ಳಲು.

ಸೈಕಲ್ ಸವಾರರ ಸಮಸ್ಯೆ ಬೇರೆ. ಗುಡ್ಡದ ಏರು ಅವರಿಗೆ ಕಷ್ಟವಲ್ಲ. ಗುಡ್ಡ ತಲುಪುವುದೇ ಕಷ್ಟ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಲಾರಿಗಳು, ಅವು ಎಬ್ಬಿಸುವ ದೂಳು, ಕುಸಿದ ರಸ್ತೆಯಂಚು ಬಯಲಿನ ಸವಾರಿಯನ್ನು ಅಪಾಯಕಾರಿಯಾಗಿಸಿವೆ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಚಿತ್ತಾಪುರ, ಸೇಡಂಗಳ ಮೂಲಕ ಸಾಗುತ್ತದಾದರೂ ಚಿಂಚೋಳಿಗೆ ರೈಲಿಲ್ಲ. ಸೇಡಂವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಸೈಕಲ್ ತುಳಿಯಬಯಸುವವರಿಗೆ ಸೇಡಂ–ಚಿಂಚೋಳಿ ರಸ್ತೆಯಲ್ಲಿ ಸುರಕ್ಷಿತ ಅಂಚು ಕಲ್ಪಿಸಿದರೆ, ಅದು ನಿತ್ಯ ಸೈಕಲ್ಲಿನಲ್ಲಿ ಓಡಾಡುವ ಕಾರ್ಮಿಕರಿಗೂ ಶಾಲಾ ಮಕ್ಕಳಿಗೂ ಉಪಕಾರಿಯಾದೀತು.

ಇನ್ನು ನಡೆದು ಹೋಗುವವರು. ಅವರಿಗೆ ದಾರಿ ತೋರುವವರು ಬೇಕು, ಊಟ ಬೇಕು, ಕೆಲವೊಮ್ಮೆ ತಂಗಲು ಜಾಗ ಬೇಕು. ಅಂದರೆ ಸ್ಥಳೀಯರ ಕೈಗೆ ಹಣ ತಲುಪಿಸುವ ಪ್ರಯಾಣ ಇದೊಂದೇ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ಬಿಸಿಲಿರುವುದರಿಂದ ಚಾರಣದ ಋತು ಮಳೆಗಾಲದಿಂದ ಜನವರಿಯವರೆಗೆ ಮಾತ್ರ. ಈ ಮಿತಿಯೂ ಕಾಡಿಗೆ ಅನುಕೂಲವೇ.

ತಾಂಡಾಗಳ ಪ್ರಶ್ನೆ

ಈ ಗುಡ್ಡಗಳಲ್ಲಿ ಲಂಬಾಣಿ ತಾಂಡಾಗಳಿವೆ. ಮಳೆಯಾಶ್ರಿತ ತುಂಡು ಭೂಮಿ ಸಾಲದೆ ಇಲ್ಲಿನ ಜನ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವುದು ಹೊಸತಲ್ಲ. ವನ್ಯಜೀವಿಧಾಮ ಘೋಷಣೆಯಾದ ಮೇಲೆ ಸಾಗುವಳಿ, ರಸ್ತೆ, ಮೇವು, ಸೌದೆ ಎಲ್ಲದಕ್ಕೂ ಅರಣ್ಯ ನಿಯಮ ಎದುರಾಗುತ್ತದೆ.

ಅರಣ್ಯ ಹಕ್ಕು ಕಾಯ್ದೆಯೂ ಇವರಿಗೆ ಸುಲಭವಾಗಿ ಒದಗುವುದಿಲ್ಲ. 2006ರ ಆ ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸ ಮತ್ತು ಅವಲಂಬನೆ ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ಸಾಬೀತುಪಡಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿಯಾಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಕುಂಚಾವರಂ ಗುಡ್ಡ ಇಳಿದು ಗಡಿ ದಾಟಿದರೆ ಅದೇ ಸಮುದಾಯಕ್ಕೆ ಕಾನೂನು ಬೇರೆಯಾಗುತ್ತದೆ.

ಹೀಗಿರುವಾಗ ತನ್ನ ಹೊಲಕ್ಕೆ ಹೋಗುವ ದಾರಿಗೆ ತಕರಾರು ಎದುರಿಸುವ ತಾಂಡಾವಾಸಿಯ ಕಣ್ಣೆದುರೇ ಪ್ರವಾಸಿಗರ ಕಾರುಗಳು ನಿರಾತಂಕವಾಗಿ ಸಾಗಿದರೆ ಆತನಿಗೆ ಕಾಡಿನ ಮೇಲೆ ಪ್ರೀತಿ ಉಳಿಯುವುದೆಂತು? ಸ್ಥಳೀಯರ ಸಹಕಾರವಿಲ್ಲದೆ ಬೆಂಕಿಯನ್ನಾಗಲಿ, ಮರಗಳ್ಳರನ್ನಾಗಲಿ ತಡೆಯುವುದು ಅರಣ್ಯ ಸಿಬ್ಬಂದಿಯೊಬ್ಬರಿಂದಲೇ ಆಗದ ಮಾತು.

ಏನು ಮಾಡಬಹುದು?

ಮೊದಲನೆಯದಾಗಿ, ಚಂದ್ರಂಪಳ್ಳಿ, ಗೊಟ್ಟಂಗೊಟ್ಟ ಭಾಗದಲ್ಲಿ ಕೆಲವೇ ಕಾಲುದಾರಿಗಳನ್ನು ಗುರುತಿಸಿ, ದಿನದ ಮಿತಿ ನಿಗದಿಪಡಿಸಿ, ತಾಂಡಾಗಳ ಯುವಕ ಯುವತಿಯರನ್ನು ತರಬೇತಿ ಪಡೆದ ಮಾರ್ಗದರ್ಶಕರನ್ನಾಗಿ ನೇಮಿಸಬೇಕು. ಎರಡನೆಯದಾಗಿ, ಪ್ರವಾಸಿ ವಾಹನಗಳಿಗೆ ಕಾಡಿನಂಚಿನಲ್ಲೇ ನಿಲುಗಡೆ ಕಲ್ಪಿಸಬೇಕು. ಬಸ್ ಮತ್ತು ಊರವರ ವಾಹನಗಳಿಗೆ ಅಡ್ಡಿಯಾಗಕೂಡದು. ಮೂರನೆಯದಾಗಿ, ಪ್ರವಾಸಿಗರಿಂದ ಪಡೆದ ಶುಲ್ಕದ ನಿಶ್ಚಿತ ಪಾಲು ಗ್ರಾಮ ಅರಣ್ಯ ಸಮಿತಿಗಳಿಗೆ ಸೇರಬೇಕು. ಇದಕ್ಕೆ ಬೇಕಾಗುವ ಹಣ ದೊಡ್ಡದಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಂತಹ ಸಂಸ್ಥೆಗೆ ಇದು ಭಾರವೂ ಆಗದು.

ರಸ್ತೆ ಅಗಲಿಸಿ, ಗುಡ್ಡದ ತುದಿಯಲ್ಲಿ ಕಾಂಕ್ರೀಟ್ ವೀಕ್ಷಣಾ ಕಟ್ಟೆ ಕಟ್ಟುವುದೇ ಅಭಿವೃದ್ಧಿ ಎಂದುಕೊಂಡರೆ ಚಿಂಚೋಳಿಯೂ ಮತ್ತೊಂದು ವಾರಾಂತ್ಯದ ವಾಹನ ಸಂತೆಯಾದೀತು. ಸುಣ್ಣದ ಕಲ್ಲಿಗಾಗಿ ಬಯಲನ್ನು ಅಗೆದದ್ದಾಗಿದೆ. ಉಳಿದಿರುವ ಗುಡ್ಡದ ಬಗ್ಗೆಯಾದರೂ ಮೊದಲೇ ಯೋಚಿಸುವ ಅವಕಾಶ ಜಿಲ್ಲೆಗಿದೆ.