ನೆರಳು ತಂದ ಸುದ್ದಿ

ಕೈ ಮುರಿದವರ ಕ್ಷ-ಕಿರಣದ ಚಿತ್ರವನ್ನು ವೈದ್ಯರು ಬೆಳಕಿಗೆ ಹಿಡಿದು ನೋಡುವುದನ್ನು ವಾಚಕರೆಲ್ಲ ಕಂಡಿರಬಹುದು. ಮಾಂಸವನ್ನು ಸುಲಭವಾಗಿ ಹಾಯ್ದುಹೋಗುವ ಕಿರಣಗಳನ್ನು ಮೂಳೆಯ ಸುಣ್ಣದ ಅಂಶ ಹೀರಿಕೊಳ್ಳುತ್ತದೆ. ಹೀಗೆ ಬಾರದೆ ಉಳಿದ ಕಿರಣವೇ ಮೂಳೆಯ ವೃತ್ತಾಂತವನ್ನು ತಿಳಿಸುತ್ತದೆ.

ಖಗೋಳ ವಿಜ್ಞಾನಿಗಳು ಕ್ವೇಸಾರ್‌ಗಳ ನೆರೆಹೊರೆಯನ್ನು ಪರೀಕ್ಷಿಸುವುದೂ ಇದೇ ಉಪಾಯದಿಂದ. ಕ್ವೇಸಾರ್ ಎಂದರೆ ದೂರದ ಗೆಲಕ್ಸಿಯೊಂದರ ಅತ್ಯುಜ್ವಲವಾದ ನಡುಭಾಗ. ಅಲ್ಲಿರುವ ದೈತ್ಯ ಕಪ್ಪುಕುಳಿಯ ಬಾಯಿಗೆ ಬೀಳಲಿರುವ ಅನಿಲ ಸುತ್ತಿ ಸುತ್ತಿ ಕಾದು ಬೆಳಗುತ್ತದೆ. ಅದರ ಆಸುಪಾಸಿನಿಂದ ಕ್ಷ-ಕಿರಣಗಳೂ ಹೊಮ್ಮುತ್ತವೆ. ಅವುಗಳ ದಾರಿಗೆ ಬೇರೆ ಅನಿಲ ಅಡ್ಡ ಬಂದರೆ, ಅದರ ಒಂದೊಂದು ಮೂಲವಸ್ತುವೂ ತನಗೆ ಒಗ್ಗುವ ಶಕ್ತಿಯ ಕಿರಣಗಳನ್ನು ನುಂಗಿಬಿಡುತ್ತದೆ. ಆಗ ರೋಹಿತದಲ್ಲಿ ಅಲ್ಲಲ್ಲಿ ನೆರಳು ಬೀಳುತ್ತದೆ. ಬಿದ್ದ ಎಡೆಯನ್ನು ನೋಡಿ ಅದು ಕಬ್ಬಿಣದ್ದೋ ಆಮ್ಲಜನಕದ್ದೋ ಎಂದು ಗುರುತಿಸಬಹುದು.

ನಮ್ಮ ವಾಯುಮಂಡಲ ಈ ಕಿರಣಗಳನ್ನು ನೆಲಕ್ಕೆ ಬಿಡದು. ಆದುದರಿಂದ ದೂರದರ್ಶಕಗಳನ್ನು ಉಪಗ್ರಹಗಳಲ್ಲಿಟ್ಟು ಮೇಲಕ್ಕೇರಿಸಬೇಕು. ಯೂರೋಪಿನ ಎಕ್ಸ್‌ಎಂಎಂ-ನ್ಯೂಟನ್ ಮತ್ತು ಅಮೆರಿಕದ ನೂಸ್ಟಾರ್ ಉಪಗ್ರಹಗಳು ಜೊತೆಗೂಡಿ, 200 ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದ ಪಿಡಿಎಸ್ 456 ಎಂಬ ಕ್ವೇಸಾರನ್ನು ವೀಕ್ಷಿಸಿದವು. 2015ರಲ್ಲಿ ಪ್ರಕಟವಾದ ಫಲಿತಾಂಶ ವಿಸ್ಮಯಕರವಾಗಿತ್ತು. ವಿಶ್ವವಿಸ್ತರಣೆಯ ಲೆಕ್ಕವನ್ನು ಕಳೆದ ಮೇಲೂ ಕಬ್ಬಿಣದ ನೆರಳು ತನ್ನ ಎಡೆಯಲ್ಲಿರಲಿಲ್ಲ. ಹೆಚ್ಚಿನ ಶಕ್ತಿಯ ಕಡೆಗೆ ಸರಿದಿತ್ತು. ರೈಲು ನಮ್ಮತ್ತ ಧಾವಿಸುವಾಗ ಅದರ ಸಿಳ್ಳಿನ ಸ್ವರ ಏರುವುದಿಲ್ಲವೇ? ಇದೂ ಹಾಗೆಯೇ. ಅಂದರೆ ಆ ಕಬ್ಬಿಣವನ್ನು ಹೊತ್ತ ಅನಿಲ ಬೆಳಕಿನ ವೇಗದ ಸುಮಾರು ಕಾಲುಭಾಗದಷ್ಟು ವೇಗದಿಂದ ನಮ್ಮತ್ತ ನುಗ್ಗುತ್ತಿತ್ತು. ನಮ್ಮತ್ತ ಮಾತ್ರವಲ್ಲ, ಹೆಚ್ಚುಕಡಿಮೆ ಎಲ್ಲ ದಿಕ್ಕುಗಳಿಗೂ ಅದು ಬಿರುಗಾಳಿಯಾಗಿ ಬೀಸುತ್ತಿದೆ ಎಂದು ತಿಳಿದುಬಂತು.

ಇದರಿಂದ ಯಾರಿಗೇನು ಎನ್ನಬೇಡಿ. ನಕ್ಷತ್ರಗಳು ಜನಿಸುವುದು ತಣ್ಣನೆಯ ಅನಿಲದಿಂದ. ಈ ಗಾಳಿ ಅದನ್ನು ಊದಿ ಚದುರಿಸಿದರೆ ಹೊಸ ನಕ್ಷತ್ರಗಳು ಹುಟ್ಟಲಾರವು. ಆಹಾರವಿಲ್ಲದೆ ಕಪ್ಪುಕುಳಿಯೂ ಉಪವಾಸ ಬೀಳುತ್ತದೆ. ಒಂದು ಗೆಲಕ್ಸಿ ಎಷ್ಟು ಬೆಳೆಯಬೇಕೆಂಬುದನ್ನು ಅದರ ನಡುವಿನ ಪುಟ್ಟ ಜಾಗ ನಿರ್ಧರಿಸಿದಂತಾಗುತ್ತದೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ಜಪಾನು ಹಾರಿಸಿದ ಕ್ರಿಸಮ್ ಉಪಗ್ರಹ ಅದೇ ನೆರಳನ್ನು ಇನ್ನಷ್ಟು ಸೂಕ್ಷ್ಮವಾಗಿ ಓದಿತು. ಒಂದೇ ಸಮನೆ ಬೀಸುವುದೆಂದು ಬಗೆದಿದ್ದ ಗಾಳಿ ಬೇರೆ ಬೇರೆ ವೇಗದ ಕನಿಷ್ಠ ಐದು ಮುದ್ದೆಗಳಾಗಿ ಚಿಮ್ಮುತ್ತಿದೆ ಎಂದು 2025ರಲ್ಲಿ ವರದಿಯಾಯಿತು. ಈ ಮುದ್ದೆಗಳು ಗೆಲಕ್ಸಿಯ ಅನಿಲವನ್ನು ತಳ್ಳಿಕೊಂಡು ಹೋಗುವುವೋ, ಸಂದುಗಳಲ್ಲಿ ನುಸುಳಿ ಪಾರಾಗುವುವೋ? ಉತ್ತರಕ್ಕಾಗಿ ವಿಜ್ಞಾನಿಗಳು ಮತ್ತೆ ನೆರಳಿನತ್ತಲೇ ನೋಡುತ್ತಿದ್ದಾರೆ.